ಹಡಗು ಹತ್ತುವ ಬಾಟಲಿ: ಕ್ರೂಸ್‌ಗೆ ಏನು ಒಯ್ಯಬಹುದು, ಏನು ಒಯ್ಯಬಾರದು

ವಿಸ್ಕಿ, ರಮ್, ಬ್ರಾಂದಿ, ಜಿನ್, ವೋಡ್ಕಾ. ಇವನ್ನು ಮನೆಯಿಂದ ಒಯ್ದು ಕ್ರೂಸ್ ಹಡಗಿನಲ್ಲಿ ಕುಡಿಯುವ ಯೋಚನೆ ಇದ್ದರೆ ಟಿಕೆಟ್ ಬುಕ್ ಮಾಡುವ ಹೊತ್ತಿಗೇ ಬಿಟ್ಟುಬಿಡಿ. ಮೈಸೂರು, ಮಂಡ್ಯ ಕಡೆಯವರು ಸಾಮಾನ್ಯವಾಗಿ ಹತ್ತುವ ಯಾವ ದೊಡ್ಡ ಹಡಗೂ ಅದಕ್ಕೆ ಅವಕಾಶ ಕೊಡುವುದಿಲ್ಲ. ಕೆಆರ್‌ಎಸ್ ಹಿನ್ನೀರಿಗೋ ಬಲಮುರಿಗೋ ಹೊರಟಾಗ ಕಾರಿನ ಡಿಕ್ಕಿಗೆ ಐಸ್‌ಬಾಕ್ಸ್ ಏರಿಸಿ ರೂಢಿಯಾದವರಿಗೆ ಇದು ಕಹಿ ಮಾತೇ. ವೈನ್ ವಿಷಯ ಮಾತ್ರ ಬೇರೆ. ಕೆಲವು ಕಂಪನಿಗಳು ತಲೆಗೊಂದು ಬಾಟಲಿ ವೈನ್ ಒಯ್ಯಲು ಬಿಡುತ್ತವೆ. ಹಾಗೆ ಬಿಡುವಲ್ಲೂ ಯಾವ ಬಾಟಲಿ, ಯಾವ ಬ್ಯಾಗಿನಲ್ಲಿ, ಯಾವ ದಿನ ಎಂಬ ಮೂರು ಪ್ರಶ್ನೆಗೆ ಸರಿಯಾದ ಉತ್ತರ ಇಲ್ಲದಿದ್ದರೆ ಅದೂ ಕಸದ ಬುಟ್ಟಿಗೆ.

ಕಾರಣ ಸರಳ. ಟಿಕೆಟ್ ಹಣ ಬಿಟ್ಟರೆ ಹಡಗಿನವರಿಗೆ ಒಳ್ಳೆಯ ಆದಾಯ ಬರುವ ಜಾಗಗಳಲ್ಲಿ ಬಾರ್ ದೊಡ್ಡದು. ಎರಡನೆಯದು ಸುರಕ್ಷತೆ. ಬಾರಿನಲ್ಲಿ ಕುಡಿದವನ ಲೆಕ್ಕ ಅವನ ಕಾರ್ಡಿನಲ್ಲಿ ಇರುತ್ತದೆ, ಜಾಸ್ತಿಯಾದರೆ ಬಾರ್‌ಟೆಂಡರ್ ನಿಲ್ಲಿಸಬಹುದು. ಕ್ಯಾಬಿನ್ನಿನಲ್ಲಿ ಬಾಗಿಲು ಹಾಕಿಕೊಂಡು ಫುಲ್ ಬಾಟಲಿ ಮುಗಿಸಿ ನಡುರಾತ್ರಿ ಡೆಕ್ ಮೇಲೆ ಬಂದವನ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಹಡಗಿನ ನಿಯಮ ಕಡೆಯ ಬಾಗಿಲಷ್ಟೇ. ಅದಕ್ಕೂ ಮುಂಚೆ ರಾಜ್ಯದ ಗಡಿಯಲ್ಲಿ ಅಬಕಾರಿ, ವಿಮಾನ ನಿಲ್ದಾಣದಲ್ಲಿ ಸೆಕ್ಯುರಿಟಿ, ಇಳಿದ ದೇಶದಲ್ಲಿ ಕಸ್ಟಮ್ಸ್ ಇರುತ್ತವೆ. ಒಂದು ಕಡೆ ಸರಿ ಎಂದದ್ದು ಮುಂದಿನ ಕಡೆ ತಪ್ಪಾಗಬಹುದು. ಬೆಂಗಳೂರು ಏರ್‌ಪೋರ್ಟಿನ ಡ್ಯೂಟಿ ಫ್ರೀಯಲ್ಲಿ ಬಿಲ್ ಸಮೇತ ಕೊಂಡ ಸಿಂಗಲ್ ಮಾಲ್ಟ್ ವಿಮಾನಕ್ಕೆ ಸರಿ, ಸಿಂಗಪುರದ ಕಸ್ಟಮ್ಸ್‌ಗೂ ಸರಿ, ಹಡಗಿನ ಬಾಗಿಲಲ್ಲಿ ಮಾತ್ರ ನಿಷಿದ್ಧ.

ಯಾವ ಹಡಗು, ಯಾವ ನಿಯಮ

ಭಾರತದಿಂದಲೇ ಹೊರಡುವ ಕಾರ್ಡೇಲಿಯಾ ಹಡಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ: ಹೊರಗಿನ ಮದ್ಯ ಒಳಗೆ ಬಿಡುವುದಿಲ್ಲ, ವೈನ್ ಸಹ ಇಲ್ಲ. ಮುಂಬೈ, ಗೋವಾ, ಕೊಚ್ಚಿ, ಲಕ್ಷದ್ವೀಪ, ಚೆನ್ನೈ ಯಾವ ದಾರಿಯಾದರೂ ಅಷ್ಟೇ. ಎಂಎಸ್‌ಸಿ, ಕೋಸ್ಟಾ ಎಂಬ ಯುರೋಪಿನ ಕಂಪನಿಗಳೂ ಹೊರಗಿನ ಪಾನೀಯಕ್ಕೆ ಬಾಗಿಲು ಮುಚ್ಚಿವೆ. ದುಬೈನಿಂದಲೋ ಇಟಲಿಯಿಂದಲೋ ಇವುಗಳಲ್ಲಿ ಹೋಗುವವರು ಈ ಬರಹದ ಕೊನೆಯ ಭಾಗ ಓದಿದರೆ ಸಾಕು.

ರಾಯಲ್ ಕೆರಿಬಿಯನ್ ಸಿಂಗಪುರದಿಂದ ಪೆನಾಂಗ್, ಫುಕೆಟ್ ಕಡೆಗೆ ಹೋಗುತ್ತದೆ. ನಮ್ಮ ಕಡೆಯಿಂದ ಕುಟುಂಬ ಸಮೇತ ಹೋಗುವವರಲ್ಲಿ ಬಹಳ ಮಂದಿ ಇದನ್ನೇ ಹಿಡಿಯುತ್ತಾರೆ. ಕುಡಿಯುವ ವಯಸ್ಸು ತುಂಬಿದ ಪ್ರತಿಯೊಬ್ಬರೂ 750 ಮಿ.ಲೀ.ನ, ಸೀಲ್ ಒಡೆಯದ ಒಂದು ಬಾಟಲಿ ವೈನ್ ಅಥವಾ ಶಾಂಪೇನ್ ಒಯ್ಯಬಹುದು. ಹತ್ತುವ ದಿನ ಮಾತ್ರ, ಹ್ಯಾಂಡ್ ಬ್ಯಾಗಿನಲ್ಲಿ ಮಾತ್ರ. ಕ್ಯಾಬಿನ್ನಿನಲ್ಲಿ ಕುಡಿದರೆ ಶುಲ್ಕವಿಲ್ಲ. ಡೈನಿಂಗ್ ಹಾಲಿಗೋ ಬಾರಿಗೋ ತೆಗೆದುಕೊಂಡು ಹೋದರೆ ಬಾಟಲಿಗೆ 15 ಡಾಲರ್ ಕಾರ್ಕೇಜ್, ಅಂದರೆ ಹೊರಗಿನ ಬಾಟಲಿ ತೆರೆದು ಬಡಿಸಿದ್ದಕ್ಕೆ ಕೂಲಿ. ಬಿಯರ್ ಇಲ್ಲ, ರಟ್ಟಿನ ಡಬ್ಬಿಯಲ್ಲಿ ಬರುವ ವೈನ್ ಇಲ್ಲ. ಏಷ್ಯಾ, ಯುರೋಪು, ಆಸ್ಟ್ರೇಲಿಯಾದಿಂದ ಹೊರಡುವ ಇವರ ಹಡಗುಗಳಲ್ಲಿ ಕುಡಿಯುವ ವಯಸ್ಸು 18, ಉತ್ತರ ಅಮೆರಿಕದಿಂದ ಹೊರಡುವಲ್ಲಿ 21. ಅಪ್ಪ, ಅಮ್ಮ, 19ರ ಮಗ ಮೂವರು ಸಿಂಗಪುರದಿಂದ ಹತ್ತಿದರೆ ಮೂರು ಬಾಟಲಿಗೆ ಲೆಕ್ಕ ಉಂಟು, ಮಯಾಮಿಯಿಂದ ಹತ್ತಿದರೆ ಎರಡಕ್ಕೇ.

ಮಕ್ಕಳು ಅಮೆರಿಕದಲ್ಲಿದ್ದು, ಅಪ್ಪ-ಅಮ್ಮನನ್ನು ಕರೆಸಿಕೊಂಡು ಬಹಾಮಾಸೋ ಅಲಾಸ್ಕಾವೋ ತೋರಿಸುವ ಮನೆಗಳು ಸರಸ್ವತಿಪುರಂ, ಕುವೆಂಪುನಗರಗಳಲ್ಲಿ ಬೀದಿಗೆರಡು ಇವೆ. ಅವರಿಗೆ ಬೇಕಾದ ಹೆಸರುಗಳು ಬೇರೆ. ಕಾರ್ನಿವಲ್ ಹಡಗಿನಲ್ಲಿ 21 ತುಂಬಿದ ತಲೆಗೊಂದು 750 ಮಿ.ಲೀ. ವೈನ್ ಬಾಟಲಿ, ಹ್ಯಾಂಡ್ ಬ್ಯಾಗಿನಲ್ಲಿ. ಜೊತೆಗೆ ಒಬ್ಬರಿಗೆ 12ರವರೆಗೆ ತಂಪು ಪಾನೀಯದ ಕ್ಯಾನ್ ಬಿಡುತ್ತಾರೆ, ಆದರೆ ಬಾಟಲಿ ನೀರು ಬಿಡುವುದಿಲ್ಲ. ನೀರಿನ ಬಾಟಲಿಯಲ್ಲಿ ವೋಡ್ಕಾ ತುಂಬಿಸಿ ತರುವವರ ಕಾಟ ತಡೆಯಲು 2015ರಲ್ಲಿ ತಂದ ನಿಯಮ ಅದು. ಪ್ರಿನ್ಸೆಸ್‌ನಲ್ಲಿ ಮೊದಲ ಬಾಟಲಿ ಕ್ಯಾಬಿನ್ನಿನಲ್ಲಿ ಕುಡಿದರೆ ಉಚಿತ, ಅದಕ್ಕಿಂತ ಹೆಚ್ಚು ತಂದರೆ ಎಲ್ಲಿ ಕುಡಿದರೂ ಬಾಟಲಿಗೆ 20 ಡಾಲರ್. ನಾರ್ವೇಜಿಯನ್‌ನವರ ರೀತಿಯೇ ಬೇರೆ: ವೈನ್ ಎಷ್ಟು ಬೇಕಾದರೂ ತನ್ನಿ, ಆದರೆ ಪ್ರತಿ 750 ಮಿ.ಲೀ. ಬಾಟಲಿಗೆ 15 ಡಾಲರ್, ಒಂದೂವರೆ ಲೀಟರಿನದಕ್ಕೆ 30 ಡಾಲರ್ ಹತ್ತುವಾಗಲೇ ಕಟ್ಟಿ. ಕ್ಯಾಬಿನ್ನಿನಲ್ಲಿ ಕುಡಿಯುತ್ತೇವೆ ಎಂದರೂ ಬಿಡುವುದಿಲ್ಲ. ಬಿಯರ್ ಬೇಕೇ ಬೇಕು ಎನ್ನುವವರಿಗೆ ಡಿಸ್ನಿ ಹಡಗೊಂದು ಅಪವಾದ. ಅಲ್ಲಿ ವಯಸ್ಕರು ತಲೆಗೆ ಎರಡು ಬಾಟಲಿ ವೈನ್ ಅಥವಾ ಆರು ಬಿಯರ್ ಒಯ್ಯಬಹುದು, ಪ್ರತಿ ಬಂದರಿನಲ್ಲೂ ಹೊಸದಾಗಿ. ಮಕ್ಕಳ ಹಡಗು ಎಂದುಕೊಂಡಿದ್ದರಲ್ಲಿ ಎಲ್ಲಕ್ಕಿಂತ ಸಡಿಲ ನಿಯಮ ಇರುವುದು ತಮಾಷೆಯೇ ಸರಿ.

ಶುಲ್ಕ, ಸಂಖ್ಯೆಗಳನ್ನು ಕಂಪನಿಗಳು ಆಗಾಗ ಬದಲಿಸುತ್ತವೆ. ಹೊರಡುವ ವಾರ ಕಂಪನಿಯ ವೆಬ್‌ಸೈಟಿನಲ್ಲಿ ಮದ್ಯದ ನಿಯಮ ತೆರೆದು, ನಿಮ್ಮ ಹಡಗು ಹೊರಡುವ ದೇಶಕ್ಕೆ ಅನ್ವಯಿಸುವ ಭಾಗದ ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಟ್ರಾವೆಲ್ ಏಜೆಂಟ್ ಫೋನಿನಲ್ಲಿ 'ಏನೂ ಆಗಲ್ಲ ಸಾರ್, ತಗೊಂಡು ಹೋಗಿ' ಎಂದರೆ ಅದನ್ನು ನಂಬಬೇಡಿ. ಬಂದರಿನಲ್ಲಿ ಬ್ಯಾಗು ತೆರೆಸುವಾಗ ಏಜೆಂಟ್ ಪಕ್ಕದಲ್ಲಿ ನಿಂತಿರುವುದಿಲ್ಲ.

ಬಾಟಲಿ ಆಯುವುದು

ವೈನ್ ಒಯ್ಯಬಹುದಾದ ಹಡಗು ಎಂದು ಖಾತ್ರಿಯಾದ ಮೇಲೆ ಬಾಟಲಿಯ ಮಾತು. ಅದು ಗಾಜಿನ, 750 ಮಿ.ಲೀ.ನ, ಫ್ಯಾಕ್ಟರಿ ಸೀಲ್ ಇರುವ, ಲೇಬಲ್ಲಿನಲ್ಲಿ ವೈನ್ ಎಂದೂ ಆಲ್ಕೋಹಾಲ್ ಪ್ರಮಾಣ ಎಷ್ಟೆಂದೂ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಅಚ್ಚಾಗಿರುವ ಬಾಟಲಿಯಾಗಿರಬೇಕು. ನಂದಿ ಬೆಟ್ಟದ ತಪ್ಪಲಿನ ವೈನ್, ನಾಸಿಕ್ ವೈನ್, ಚನ್ನಪಟ್ಟಣದ ಕಡೆಯ ವೈನರಿಗಳದ್ದು, ಯಾವುದಾದರೂ ನಡೆಯುತ್ತದೆ.

ಎಡವುವುದು ಕೊಡಗಿನ ಮನೆ ವೈನ್ ವಿಷಯದಲ್ಲಿ. ಕುಶಾಲನಗರ, ಮಡಿಕೇರಿಯಲ್ಲಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಮಾರುವ ಶುಂಠಿ ವೈನು, ದ್ರಾಕ್ಷಿ ವೈನು ರುಚಿಯಲ್ಲಿ ಏನೇ ಇರಲಿ, ಹಡಗಿನ ಸೆಕ್ಯುರಿಟಿಯ ಕಣ್ಣಿಗೆ ಅದು ಸೀಲ್ ಇಲ್ಲದ, ಒಳಗೆ ಏನಿದೆಯೋ ಗೊತ್ತಿಲ್ಲದ ದ್ರವ. ಮುಚ್ಚಳಕ್ಕೆ ಮೇಣ ಸುರಿದು ತಂದರೂ ಅಷ್ಟೇ. ಮಗಳ ಮನೆಯಲ್ಲಿ ಕುಡಿಯಲು ಒಯ್ಯುವುದಾದರೆ ಬೇರೆ ಮಾತು, ಹಡಗಿಗೆ ಬೇಡ.

ಕಾರ್ಕ್ ಬಾಟಲಿಗಿಂತ ತಿರುಪು ಮುಚ್ಚಳದ್ದು ಒಳ್ಳೆಯದು. ಕಾರ್ಕ್ ತೆಗೆಯುವ ಸ್ಕ್ರೂ ವಿಮಾನದ ಹ್ಯಾಂಡ್ ಬ್ಯಾಗಿನಲ್ಲಿ ಸಿಕ್ಕಿದರೆ ತೆಗೆದಿಟ್ಟುಕೊಳ್ಳುತ್ತಾರೆ, ಹಡಗಿನಲ್ಲಿ ಕ್ಯಾಬಿನ್ ಹುಡುಗನನ್ನು ಕೇಳಿ ತರಿಸಿಕೊಳ್ಳುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ. ಇನ್ನು ನೊರೆ ಬರುವ ವೈನ್. ಆ ಬಾಟಲಿಯೊಳಗೆ ಹೊರಗಿನ ಗಾಳಿಗಿಂತ ಐದಾರು ಪಟ್ಟು ಒತ್ತಡ ಇರುತ್ತದೆ. ವಿಮಾನದ ಲಗೇಜ್ ಭಾಗದಲ್ಲೂ ಗಾಳಿಯ ಒತ್ತಡ ಕಾಯ್ದಿರುವುದರಿಂದ ಅಲ್ಲಿ ಸಿಡಿಯುತ್ತದೆ ಎಂಬ ಭಯ ಬೇಡ. ಅಪಾಯ ಇರುವುದು ಏಪ್ರಿಲ್-ಮೇ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ. ಮೈಸೂರಿನಿಂದ ಏರ್‌ಪೋರ್ಟಿಗೆ ಹೋಗುವಾಗ ದಾರಿಯಲ್ಲಿ ಊಟಕ್ಕೆಂದು ಕಾರು ಬಿಸಿಲಿಗೆ ಬಿಟ್ಟರೆ ಒಳಗಿನ ಒತ್ತಡ ಇನ್ನೂ ಏರುತ್ತದೆ. ಸಾದಾ ವೈನೂ ಆ ಶಾಖಕ್ಕೆ ಹಿಗ್ಗಿ ಕಾರ್ಕನ್ನು ಒಂದು ಗೆರೆ ಮೇಲೆ ತಳ್ಳುತ್ತದೆ. ಆಮೇಲೆ ಬಂದರಿನಲ್ಲಿ ನೋಡಿದವರಿಗೆ ಸೀಲ್ ಒಡೆದಂತೆ ಕಾಣುತ್ತದೆ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಸುಲಭದ ದಾರಿ ಇದೆ: ಮೈಸೂರಿನಿಂದ ಒಯ್ಯಲೇಬೇಡಿ. ಸಿಂಗಪುರದ ಚಾಂಗಿಯಲ್ಲಿ ಇಳಿದವರಿಗೂ ಡ್ಯೂಟಿ ಫ್ರೀ ಅಂಗಡಿ ಇದೆ, ಲಗೇಜ್ ತೆಗೆದುಕೊಳ್ಳುವ ಜಾಗದಲ್ಲೇ. ಅಮೆರಿಕದಲ್ಲಾದರೆ ಹಿಂದಿನ ದಿನ ಸೂಪರ್ ಮಾರ್ಕೆಟಿನಲ್ಲಿ ಸಿಗುತ್ತದೆ. ಮನೆಯಿಂದಲೇ ಒಯ್ಯಬೇಕು, ನಮ್ಮ ಕಡೆಯ ವೈನೇ ಬೇಕು ಎನ್ನುವವರು ಹೊರಡುವ ಹಿಂದಿನ ದಿನಕ್ಕೆ ಖರೀದಿ ಇಟ್ಟುಕೊಳ್ಳಬೇಡಿ. ಅಕ್ಟೋಬರ್ 2 ಅಥವಾ ಚುನಾವಣೆಯ ಆಸುಪಾಸಾದರೆ ಎಂಎಸ್‌ಐಎಲ್‌ನಿಂದ ಹಿಡಿದು ಎಲ್ಲ ಅಂಗಡಿಯೂ ಬಂದ್.

ಬಂದರಿನವರೆಗೆ

ವಿಮಾನದಲ್ಲಿ ಹೋಗುವವರಿಗೆ ಲೆಕ್ಕ ಹೀಗಿದೆ. ಹ್ಯಾಂಡ್ ಬ್ಯಾಗಿನಲ್ಲಿ 100 ಮಿ.ಲೀ. ಮೀರಿದ ದ್ರವ ಇಲ್ಲ, ಹಾಗಾಗಿ ಮನೆಯಿಂದ ತಂದ ವೈನ್ ಚೆಕ್-ಇನ್ ಲಗೇಜಿಗೇ ಹೋಗಬೇಕು. ಆಲ್ಕೋಹಾಲ್ ಪ್ರಮಾಣ 24ರಿಂದ 70 ಶೇಕಡಾ ಇರುವ ಮದ್ಯ ಚೆಕ್-ಇನ್‌ನಲ್ಲಿ ಒಬ್ಬರಿಗೆ 5 ಲೀಟರ್‌ವರೆಗೆ, ಅಂಗಡಿಯ ಪ್ಯಾಕಿಂಗ್‌ನಲ್ಲೇ ಇರಬೇಕು. 70 ಮೀರಿದರೆ ಎಲ್ಲೂ ಇಲ್ಲ. ವೈನ್ 24ಕ್ಕಿಂತ ಕಡಿಮೆ, ವಿಮಾನದವರ ಈ ಮಿತಿ ಅದಕ್ಕಿಲ್ಲ. ಆದರೆ ಇಳಿದ ದೇಶದ ಕಸ್ಟಮ್ಸ್ ಮಿತಿ ಉಂಟು. ಸಿಂಗಪುರಕ್ಕೆ 18 ತುಂಬಿದವರು, 48 ಗಂಟೆಗೂ ಹೆಚ್ಚು ಹೊರಗಿದ್ದು ಮಲೇಷ್ಯಾ ಬಿಟ್ಟು ಬೇರೆ ಕಡೆಯಿಂದ ಬಂದವರು, ಸುಂಕವಿಲ್ಲದೆ 2 ಲೀಟರ್ ವೈನ್ ಒಯ್ಯಬಹುದು, ಇಲ್ಲವೇ 1 ಲೀಟರ್ ಸ್ಪಿರಿಟ್ (ವಿಸ್ಕಿ, ರಮ್ಮಿನಂಥ ಗಟ್ಟಿ ಮದ್ಯ) ಮತ್ತು 1 ಲೀಟರ್ ವೈನ್. ಅಮೆರಿಕಕ್ಕೆ 21 ತುಂಬಿದವರಿಗೆ 1 ಲೀಟರ್.

ಪ್ಯಾಕ್ ಮಾಡುವಾಗ ಬಾಟಲಿಯನ್ನು ಮೊದಲು ಗಟ್ಟಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ, ಆಮೇಲೆ ಟವೆಲ್ ಸುತ್ತಿ. ಟವೆಲ್ ಮೊದಲು ಸುತ್ತಿ ಮೇಲೆ ಕವರ್ ಹಾಕುವವರೇ ಹೆಚ್ಚು. ಗಾಜು ಒಡೆದಾಗ ಕೆಂಪು ವೈನನ್ನು ಮೊದಲು ಕುಡಿಯುವುದು ಆ ಟವೆಲ್ಲೇ, ಆಮೇಲೆ ಪಕ್ಕದ ರೇಷ್ಮೆ ಸೀರೆ. ಸೂಟ್‌ಕೇಸಿನ ನಡುವೆ, ಗಾಲಿಯ ಕಡೆಗೆ ತಳ ಬರುವಂತೆ ಇಡಿ, ನಾಲ್ಕೂ ಕಡೆ ಮೂರು ಬೆರಳಿನಷ್ಟು ಬಟ್ಟೆ ಇರಲಿ. ತುಂಬಿದ ವೈನ್ ಬಾಟಲಿ ಸುಮಾರು 1.2ರಿಂದ 1.4 ಕೆ.ಜಿ. ತೂಗುತ್ತದೆ, ನೊರೆ ವೈನಿನದು ಅದಕ್ಕಿಂತ ಜಾಸ್ತಿ. ಎರಡು ಬಾಟಲಿ ಎಂದರೆ ಚಕ್ಕುಲಿ, ನಿಪ್ಪಟ್ಟಿನ ಒಂದು ಡಬ್ಬ ಕೆಳಗಿಳಿಯಬೇಕಾದೀತು.

ರಸ್ತೆ ಅಥವಾ ರೈಲಿನಲ್ಲಿ ಕೊಚ್ಚಿಗೋ ಚೆನ್ನೈಗೋ ಹೋಗುವವರು ಕರ್ನಾಟಕದ ಲೇಬಲ್ ಇರುವ ಬಾಟಲಿಯನ್ನು ಮುಟ್ಟದಿರುವುದೇ ಲೇಸು. ತಮಿಳುನಾಡಿನಲ್ಲಿ ಮದ್ಯ ಮಾರಾಟ ಟಾಸ್ಮಾಕ್ ಎಂಬ ಸರ್ಕಾರಿ ಸಂಸ್ಥೆಯ ಕೈಯಲ್ಲಿದೆ, ಹೊರರಾಜ್ಯದ ಬಾಟಲಿ ಸಿಕ್ಕಿದರೆ ಕೇಸ್ ಹಾಕುತ್ತಾರೆ. ಗುಂಡ್ಲುಪೇಟೆ ದಾಟಿ ವಯನಾಡು ಕಡೆಗಿಳಿದರೆ ಮುತ್ತಂಗದಲ್ಲಿ ಕೇರಳ ಅಬಕಾರಿಯವರ ಚೆಕ್‌ಪೋಸ್ಟ್ ಇದೆ, ಡಿಕ್ಕಿ ತೆರೆಸುವುದು ಅಲ್ಲಿ ದಿನದ ಕೆಲಸ. ಬಂಡೀಪುರದ ಆ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದೂ ನೆನಪಿರಲಿ. ಬೆಳಗಿನ ಹೊತ್ತು ಚೆಕ್‌ಪೋಸ್ಟಿನಲ್ಲಿ ಒಂದು ಗಂಟೆ ಕಳೆದರೆ ಹಡಗಿನ ಚೆಕ್-ಇನ್‌ಗೆ ಪರದಾಡಬೇಕು. ಅಷ್ಟಕ್ಕೂ ಆ ಹಡಗಿನವರು ಬಾಟಲಿ ಒಳಗೆ ಬಿಡುವವರೂ ಅಲ್ಲ.

ಹತ್ತುವ ದಿನ

ಬಂದರಿನ ಬಾಗಿಲಲ್ಲಿ ಪೋರ್ಟರ್‌ಗಳು ನಿಂತಿರುತ್ತಾರೆ. ಕ್ಯಾಬಿನ್ ನಂಬರಿನ ಚೀಟಿ ಕಟ್ಟಿದ ಸೂಟ್‌ಕೇಸನ್ನು ಅವರು ತೆಗೆದುಕೊಂಡು ಹೋಗುತ್ತಾರೆ, ಸಂಜೆಯ ಹೊತ್ತಿಗೆ ಅದು ಕ್ಯಾಬಿನ್ ಬಾಗಿಲಿಗೆ ಬರುತ್ತದೆ. ಬಾಟಲಿ ಕೈತಪ್ಪುವುದು ಈ ಘಳಿಗೆಯಲ್ಲಿ. ವಿಮಾನಕ್ಕೆಂದು ಸೂಟ್‌ಕೇಸಿನಲ್ಲಿ ಇಟ್ಟ ವೈನನ್ನು ಹೊರಗೆ ತೆಗೆಯಲು ಮರೆತು ಪೋರ್ಟರ್‌ಗೆ ಕೊಟ್ಟುಬಿಡುತ್ತಾರೆ. ಹಾಗಾಗಿ ಹೋಟೆಲ್ ರೂಮಿನಲ್ಲೇ, ಬೆಳಿಗ್ಗೆ ಹೊರಡುವ ಮುಂಚೆ, ಬಾಟಲಿಯನ್ನು ಸೂಟ್‌ಕೇಸಿನಿಂದ ಹೆಗಲ ಬ್ಯಾಗಿಗೆ ವರ್ಗಾಯಿಸಿ. ಗಂಡನ ಬ್ಯಾಗಿನಲ್ಲಿ ಒಂದು, ಹೆಂಡತಿಯ ಬ್ಯಾಗಿನಲ್ಲಿ ಒಂದು. ಒಬ್ಬರ ಬ್ಯಾಗಿನಲ್ಲೇ ಎರಡಿದ್ದರೆ ಎಕ್ಸ್‌ರೇ ಮುಂದೆ ನಿಂತು ವಿವರಣೆ ಕೊಡಬೇಕಾಗುತ್ತದೆ.

ವಿಮಾನದ 100 ಮಿ.ಲೀ. ನಿಯಮ ಬಂದರಿನಲ್ಲಿ ಇಲ್ಲ. ಬ್ಯಾಗು ಎಕ್ಸ್‌ರೇಗೆ ಹೋಗುವ ಮುಂಚೆ ಬಾಟಲಿ ಹೊರಗೆ ತೆಗೆದು ಟ್ರೇನಲ್ಲಿ ಇಟ್ಟುಬಿಡಿ. ಕೇಳಿದರೆ ಕ್ಯಾಬಿನ್ ಕಾರ್ಡ್ ಮತ್ತು ಪಾಸ್‌ಪೋರ್ಟ್ ತೋರಿಸಿ. ವಯಸ್ಸು ನೋಡುತ್ತಾರೆ, ಸೀಲ್ ನೋಡುತ್ತಾರೆ, ಮುಂದೆ ಕಳಿಸುತ್ತಾರೆ.

ಸೂಟ್‌ಕೇಸಿನಲ್ಲಿ ಬಾಟಲಿ ಸಿಕ್ಕಿದರೆ ಆ ಸೂಟ್‌ಕೇಸ್ ಕ್ಯಾಬಿನ್ನಿಗೆ ಬರುವುದೇ ಇಲ್ಲ. ರಾತ್ರಿ ಎಂಟಾದರೂ ಬರಲಿಲ್ಲ ಎಂದು ಕೆಳಗೆ ಗೆಸ್ಟ್ ಸರ್ವಿಸ್‌ಗೆ ಹೋದರೆ ಸೆಕ್ಯುರಿಟಿ ಕೋಣೆಗೆ ಕಳಿಸುತ್ತಾರೆ. ನಿಮ್ಮೆದುರೇ ತೆರೆಸಿ, ಮದ್ಯ ತೆಗೆದು, ಉಳಿದದ್ದು ಕೊಡುತ್ತಾರೆ. ಆ ದಿನ ತಡೆಹಿಡಿದ ಮದ್ಯ ಹಲವು ಕಂಪನಿಗಳಲ್ಲಿ ವಾಪಸ್ ಬರುವುದಿಲ್ಲ, ಪರಿಹಾರವೂ ಇಲ್ಲ. ಅಂದಹಾಗೆ ಅದೇ ಕೋಣೆಯಲ್ಲಿ ನಮ್ಮವರ ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ರಾಡು, ಎಲೆಕ್ಟ್ರಿಕ್ ಕೆಟಲ್‌ಗಳೂ ಸಾಲಾಗಿ ಕೂತಿರುತ್ತವೆ. ಬೆಂಕಿಯ ಭಯಕ್ಕೆ ಹಡಗಿನಲ್ಲಿ ಇಂಥ ಸಾಮಾನು ಬಿಡುವುದಿಲ್ಲ.

ಕಳ್ಳದಾರಿಗಳು, ಮತ್ತು ಅವು ಯಾಕೆ ನಡೆಯುವುದಿಲ್ಲ

ಎಣ್ಣೆ ಒಯ್ಯುವ ಉಪಾಯಗಳು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತವೆ. ಮೌತ್‌ವಾಶ್ ಬಾಟಲಿಗೆ ಹಸಿರು ಬಣ್ಣ ಬೆರೆಸಿದ ವೋಡ್ಕಾ, ಶಾಂಪೂ ಬಾಟಲಿಯಲ್ಲಿ ರಮ್, ಮುಚ್ಚಳದ ಉಂಗುರ ಅಂಟಿಸಿ ಮತ್ತೆ ಸೀಲ್ ಮಾಡಿದ ನೀರಿನ ಬಾಟಲಿ, ಬಟ್ಟೆಯ ನಡುವೆ ಮಡಚಿಡುವ ಪ್ಲಾಸ್ಟಿಕ್ ಚೀಲ. ಹಡಗಿನ ಸೆಕ್ಯುರಿಟಿಯವರು ವಾರಕ್ಕೆ ಸಾವಿರಾರು ಬ್ಯಾಗು ನೋಡುವವರು. ಎಕ್ಸ್‌ರೇ ಪರದೆಯಲ್ಲಿ ಬಟ್ಟೆ, ಆಹಾರ, ದ್ರವ ಎಲ್ಲ ಕಿತ್ತಳೆ ಬಣ್ಣದಲ್ಲಿ, ಲೋಹ ನೀಲಿಯಲ್ಲಿ ಕಾಣುತ್ತದೆ. ಬಟ್ಟೆ ಪದರ ಪದರವಾಗಿ ತಿಳಿಯಾಗಿ ಕಂಡರೆ, ದ್ರವ ಅಂಚು ಸ್ಪಷ್ಟವಾದ ಒಂದೇ ಸಮನೆಯ ಗಾಢ ಕಲೆಯಾಗಿ ಕಾಣುತ್ತದೆ. ಒಂದು ಸೂಟ್‌ಕೇಸಿನಲ್ಲಿ ಒಂದು ಲೀಟರಿನ ಮೌತ್‌ವಾಶ್ ಮೂರು ಇದ್ದರೆ ತೆರೆಯದೆ ಇರುತ್ತಾರೆಯೇ? ತೆರೆದು ಮೂಸಿದರೆ ಮುಗಿಯಿತು. ನೀರು, ಸೋಡಾ, ಮೌತ್‌ವಾಶ್ ಬಾಟಲಿಗಳನ್ನು ಪರೀಕ್ಷಿಸಿ, ಮದ್ಯ ಇದ್ದರೆ ಬಾಟಲಿ ಸಮೇತ ಎಸೆಯುವ ಹಕ್ಕು ತಮಗಿದೆ ಎಂದು ರಾಯಲ್ ಕೆರಿಬಿಯನ್ ತನ್ನ ನಿಯಮದಲ್ಲೇ ಬರೆದುಕೊಂಡಿದೆ.

ನಮ್ಮ ಕಡೆಯ ವಿಶೇಷ ಎಂದರೆ 90 ಮಿ.ಲೀ., 180 ಮಿ.ಲೀ. ಟೆಟ್ರಾ ಪ್ಯಾಕೆಟ್. ಹಗುರ, ಒಡೆಯುವುದಿಲ್ಲ, ಜೇಬಿಗೂ ಹಿಡಿಸುತ್ತದೆ, ನಿಜ. ಆದರೆ ಆ ರಟ್ಟಿನ ಒಳಗೆ ಅಲ್ಯೂಮಿನಿಯಂ ಹಾಳೆಯ ಪದರ ಇರುತ್ತದೆ. ಮಾವಿನ ರಸದ ಪ್ಯಾಕೆಟ್ಟಿನಂತೆ ಇದಕ್ಕೂ ಪರದೆಯಲ್ಲಿ ತನ್ನದೇ ಚೌಕಾಕಾರ ಇದೆ, ಹತ್ತು ಜೋಡಿಸಿಟ್ಟರೆ ಗೋಡೆ ಕಟ್ಟಿದಂತೆ ಕಾಣುತ್ತದೆ. 90 ಮಿ.ಲೀ. ನೂರಕ್ಕಿಂತ ಕಡಿಮೆ, ವಿಮಾನದ ಹ್ಯಾಂಡ್ ಬ್ಯಾಗಿನಲ್ಲಿ ಹೋಗುತ್ತದಲ್ಲ ಎಂಬ ಜಾಣತನ ವಿಮಾನದವರೆಗೆ ನಡೆದೀತು. ಅಲ್ಲೂ ತಂದದ್ದನ್ನು ಸೀಟಿನಲ್ಲಿ ಕೂತು ಕುಡಿಯುವಂತಿಲ್ಲ. ಹಡಗಿನಲ್ಲಂತೂ ಅಳತೆಯ ಪ್ರಶ್ನೆಯೇ ಇಲ್ಲ, ಸ್ಪಿರಿಟ್ ಎಂದರೆ ಸ್ಪಿರಿಟ್.

ಒಂದು ಪ್ಯಾಕೆಟ್ ಸಿಕ್ಕಿದ್ದಕ್ಕೆ ಹಡಗಿನಿಂದ ಇಳಿಸುವುದಿಲ್ಲ. ಆದರೆ ನಿಯಮ ಮುರಿದವರನ್ನು ಮುಂದಿನ ಬಂದರಿನಲ್ಲಿ ಇಳಿಸುವ ಹಕ್ಕು ಟಿಕೆಟ್ಟಿನ ಷರತ್ತಿನಲ್ಲೇ ಇದೆ, ಮನೆಗೆ ಬರುವ ಖರ್ಚು ಅವರದೇ. ಕುಡಿದು ಜಗಳ ತೆಗೆದವರಿಗೆ, ವಯಸ್ಸಾಗದ ಮಕ್ಕಳ ಕೈಗೆ ಗ್ಲಾಸು ಕೊಟ್ಟವರಿಗೆ ಈ ಷರತ್ತು ನಿಜಕ್ಕೂ ಬಳಕೆಯಾಗುತ್ತದೆ.

ಕಳ್ಳತನವಲ್ಲದೆಯೂ ಅನುಮಾನಕ್ಕೆ ಸಿಗುವ ಒಂದು ಸಾಮಾನು ನಮ್ಮ ಹಿರಿಯರ ಬ್ಯಾಗಿನಲ್ಲಿ ಇರುತ್ತದೆ: ಅರಿಷ್ಟ. ದ್ರಾಕ್ಷಾರಿಷ್ಟ, ದಶಮೂಲಾರಿಷ್ಟ, ಅಭಯಾರಿಷ್ಟ ಹುದುಗಿಸಿ ಮಾಡುವ ಔಷಧಿಗಳು. ತಾನಾಗಿ ಉತ್ಪತ್ತಿಯಾದ ಆಲ್ಕೋಹಾಲ್ ಇದೆ ಎಂದು ಲೇಬಲ್ಲಿನಲ್ಲೇ ಅಚ್ಚಾಗಿರುತ್ತದೆ, ವಾಸನೆಯೂ ಹಾಗೇ. 450 ಮಿ.ಲೀ. ಕಂದು ಬಾಟಲಿಯನ್ನು ಬಟ್ಟೆಯೊಳಗೆ ಹುದುಗಿಸಿಟ್ಟರೆ ಅದು ಬಚ್ಚಿಟ್ಟಂತೆಯೇ ಕಾಣುವುದು. ಪ್ರವಾಸಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ಒಂದೇ ಬಾಟಲಿ, ಸೀಲ್ ಒಡೆಯದ್ದು ಕೊಳ್ಳಿ. ವೈದ್ಯರಿಂದ ಇಂಗ್ಲಿಷಿನಲ್ಲಿ ಬರೆಸಿದ ಚೀಟಿ ಜೊತೆಗಿರಲಿ, ಹಡಗಿನಲ್ಲಿ ಮಾತ್ರೆಗಳ ಪೊಟ್ಟಣದ ಜೊತೆಯಲ್ಲೇ ಕೈಯಲ್ಲಿಟ್ಟುಕೊಂಡು ತೋರಿಸಿ. ಬೇರೆ ಸೀಸೆಗೆ ಸುರಿದು ಬಟ್ಟೆ ಚೀಲದಲ್ಲಿ ಇಟ್ಟುಕೊಂಡು ಹೋದ ಅರಿಷ್ಟವನ್ನು ಔಷಧಿ ಎಂದು ಯಾರಿಗೂ ಒಪ್ಪಿಸಲಾಗದು.

ಬಂದರಿನಲ್ಲಿ ಕೊಂಡದ್ದು

ನಡುವೆ ಇಳಿಯುವ ಊರುಗಳಲ್ಲಿ ಮದ್ಯ ಕೊಳ್ಳಲು ಅಡ್ಡಿಯಿಲ್ಲ, ಅದನ್ನು ಕ್ಯಾಬಿನ್ನಿಗೆ ಒಯ್ಯಲು ಹೆಚ್ಚಿನ ಹಡಗುಗಳಲ್ಲಿ ಅಡ್ಡಿ. ಹಡಗಿಗೆ ವಾಪಸಾಗುವಾಗ ಬಾಗಿಲಲ್ಲೇ ತೆಗೆದಿಟ್ಟುಕೊಂಡು ಚೀಟಿ ಕೊಡುತ್ತಾರೆ, ಕಡೆಯ ದಿನ ವಾಪಸ್ ಕೊಡುತ್ತಾರೆ. ಹಡಗಿನ ಅಂಗಡಿಯಲ್ಲಿ ಕೊಂಡ ಬಾಟಲಿಗೂ ಇದೇ ಕ್ರಮ. ಚೀಟಿ ಕಳೆದುಕೊಳ್ಳಬೇಡಿ, ಕೊಡುವಾಗಲೇ ಫೋಟೋ ತೆಗೆದುಕೊಳ್ಳಿ.

ಕೊಳ್ಳುವ ಮುಂಚೆ ಆ ಊರಿನ ನಿಯಮವೂ ಗೊತ್ತಿರಬೇಕು. ಲಕ್ಷದ್ವೀಪದಲ್ಲಿ ಬಂಗಾರಂ ದ್ವೀಪ ಬಿಟ್ಟರೆ ಪಾನನಿಷೇಧ, ಹಡಗಿನ ಬಾರಿನಿಂದ ಜೇಬಿನಲ್ಲಿ ಏನನ್ನೂ ಇಟ್ಟುಕೊಂಡು ದೋಣಿ ಹತ್ತಬೇಡಿ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯ ಪೋಯಾ ದಿನ ಮದ್ಯ ಮಾರುವುದಿಲ್ಲ, ಪಂಚಾಂಗ ನೋಡಿಕೊಂಡು ಹೋದರೆ ನಿರಾಸೆ ತಪ್ಪುತ್ತದೆ.

ಮಲೇಷ್ಯಾದ ಲಂಗ್ಕಾವಿ 1987ರಿಂದ ಸುಂಕವಿಲ್ಲದ ದ್ವೀಪ. ಅಲ್ಲಿ ಬಾಟಲಿ ಅಗ್ಗ ಎಂದು ಎರಡು ಚೀಲ ತುಂಬಿಕೊಳ್ಳುವವರು ಮುಂದಿನ ಲೆಕ್ಕ ಹಾಕಿರುವುದಿಲ್ಲ. ಹಡಗು ಮಲೇಷ್ಯಾದಿಂದ ನೇರ ಸಿಂಗಪುರಕ್ಕೆ ಬಂದರೆ ಅಲ್ಲಿ ಸುಂಕದ ರಿಯಾಯಿತಿ ಒಂದು ಹನಿಗೂ ಇಲ್ಲ. ಶುದ್ಧ ಆಲ್ಕೋಹಾಲಿನ ಲೀಟರಿಗೆ 88 ಸಿಂಗಪುರ ಡಾಲರ್ ಸುಂಕ. 40 ಶೇಕಡಾದ ಒಂದು ಲೀಟರ್ ವಿಸ್ಕಿಯಲ್ಲಿ ಶುದ್ಧ ಆಲ್ಕೋಹಾಲ್ 0.4 ಲೀಟರ್, ಅಂದರೆ ಸುಂಕವೇ 35.20 ಡಾಲರ್. ಅದರ ಮೇಲೆ ಬೆಲೆ, ಸುಂಕ ಎರಡನ್ನೂ ಕೂಡಿಸಿ ಶೇ. 9 ಜಿಎಸ್‌ಟಿ. ಅಗ್ಗ ಎಂದು ಕೊಂಡದ್ದು ಮೈಸೂರಿನ ಬೆಲೆಗೇ ಬಂದು ನಿಲ್ಲುತ್ತದೆ. ಹೇಳದೆ ಹೋದರೆ ದಂಡ ಬೇರೆ. ಹಡಗಿನ ಕಡೆಯ ನಿಲ್ದಾಣ ಥಾಯ್ಲೆಂಡಿನ ಫುಕೆಟ್ ಆಗಿದ್ದು, ಸಿಂಗಪುರ ಬಿಟ್ಟು 48 ಗಂಟೆ ಕಳೆದಿದ್ದರೆ ರಿಯಾಯಿತಿ ಸಿಗುತ್ತದೆ. ಆದ್ದರಿಂದ ಖರೀದಿ ಎಲ್ಲಿ ಎಂದು ನಿರ್ಧರಿಸುವ ಮುಂಚೆ ಹಡಗಿನ ದಾರಿಯ ಕಡೆಯ ಊರು ಯಾವುದೆಂದು ನೋಡಿ.

ಭಾರತಕ್ಕೆ ಬರುವಾಗ ವಯಸ್ಕರು ತಲೆಗೆ 2 ಲೀಟರ್ ಸುಂಕವಿಲ್ಲದೆ ತರಬಹುದು. ಗಂಡ-ಹೆಂಡತಿಯ ಲೆಕ್ಕ ಒಟ್ಟು ಸೇರಿಸುವಂತಿಲ್ಲ, ಒಬ್ಬರ ಸೂಟ್‌ಕೇಸಿನಲ್ಲಿ 4 ಲೀಟರ್ ಬೇಡ, ಇಬ್ಬರ ಲಗೇಜಿನಲ್ಲೂ ಎರಡೆರಡು ಲೀಟರ್ ಇರಲಿ. ಮಕ್ಕಳ ತಲೆ ಲೆಕ್ಕಕ್ಕಿಲ್ಲ.

ಒಯ್ಯುವುದೋ, ಅಲ್ಲೇ ಕೊಳ್ಳುವುದೋ

ಒಂದು 750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ನ ಐದು ಗ್ಲಾಸು ವೈನ್. ಹಡಗಿನ ಬಾರಿನಲ್ಲಿ ಗ್ಲಾಸಿಗೆ 12 ಡಾಲರ್ ಎಂದು ಇಟ್ಟುಕೊಳ್ಳಿ. ಅದರ ಮೇಲೆ ಶೇ. 18ರಿಂದ 20ರಷ್ಟು ಟಿಪ್ ತಾನಾಗಿ ಸೇರುತ್ತದೆ, 18 ಎಂದರೂ ಗ್ಲಾಸಿಗೆ 14.16 ಡಾಲರ್. ಇಬ್ಬರು ಎರಡು ಬಾಟಲಿ ಒಯ್ದರೆ, ಬಾಟಲಿ ಕೊಂಡ ಬೆಲೆ ಕಳೆಯದೆ ನೋಡಿದರೆ, ಹತ್ತು ಗ್ಲಾಸಿನ 141 ಡಾಲರ್ ಉಳಿದಂತೆ. ಡೈನಿಂಗ್ ಹಾಲಿಗೆ ಒಯ್ದು ಎರಡಕ್ಕೂ ಕಾರ್ಕೇಜ್ ಕೊಟ್ಟರೂ 100 ಡಾಲರಿನ ಮೇಲೆ ಉಳಿಯುತ್ತದೆ. ಕ್ಯಾಬಿನ್ನಿನ ಪುಟ್ಟ ಫ್ರಿಜ್ ಅಷ್ಟೇನೂ ತಂಪು ಮಾಡುವುದಿಲ್ಲ, ಕ್ಯಾಬಿನ್ ಹುಡುಗನನ್ನು ಕೇಳಿದರೆ ಬಕೆಟ್‌ನಲ್ಲಿ ಐಸೂ ಎರಡು ಗ್ಲಾಸೂ ತಂದಿಡುತ್ತಾನೆ. ವೈನ್ ಕುಡಿಯುವ ದಂಪತಿಗೆ ಬಾಟಲಿ ಒಯ್ಯುವುದೇ ಲಾಭ.

ವಿಸ್ಕಿ, ಬಿಯರ್ ಕುಡಿಯುವವರಿಗೆ ಉಳಿದಿರುವುದು ಡ್ರಿಂಕ್ಸ್ ಪ್ಯಾಕೇಜ್ (ದಿನಕ್ಕಿಷ್ಟು ಎಂದು ಒಟ್ಟಿಗೆ ಹಣ ಕಟ್ಟಿ ಕುಡಿಯುವುದು) ಅಥವಾ ಗ್ಲಾಸಿನ ಲೆಕ್ಕ. ಪ್ಯಾಕೇಜ್ ಬೆಲೆ ಹಡಗಿಗೊಂದು, ದಿನಕ್ಕೊಂದು. ದಿನಕ್ಕೆ 70 ಡಾಲರ್ ಇದ್ದರೆ ಟಿಪ್ ಸೇರಿ 82.60, ಅಂದರೆ ಮೇಲಿನ ಬೆಲೆಯಲ್ಲಿ ದಿನಕ್ಕೆ ಆರು ಗ್ಲಾಸು ಇಳಿಸಿದರೆ ಮಾತ್ರ ಅಸಲು. ಬಂದರಿನಲ್ಲಿ ಇಳಿದು ಊರು ಸುತ್ತುವ ದಿನ ಆರು ಆಗುವುದಿಲ್ಲ, ಆದರೆ ಪ್ಯಾಕೇಜ್ ಪ್ರವಾಸದ ಎಲ್ಲ ದಿನಕ್ಕೂ ಕೊಳ್ಳಲೇಬೇಕು. ರಾಯಲ್ ಕೆರಿಬಿಯನ್‌ನಲ್ಲಿ ಒಂದು ಕ್ಯಾಬಿನ್ನಿನ ವಯಸ್ಕರಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಉಳಿದವರೂ ಕೊಳ್ಳಬೇಕು ಎಂಬ ನಿಯಮ ಬೇರೆ. ಗಂಡ ಕುಡಿಯುತ್ತಾನೆ, ಹೆಂಡತಿ ಮುಟ್ಟುವುದಿಲ್ಲ ಎಂಬ ಮನೆಯಲ್ಲಿ ಗಂಡನೊಬ್ಬನೇ ಹನ್ನೆರಡು ಗ್ಲಾಸಿಗೆ ಏರಬೇಕು. ಅದಕ್ಕಿಂತ ಗ್ಲಾಸಿನ ಲೆಕ್ಕವೇ ಆರೋಗ್ಯಕ್ಕೂ ಜೇಬಿಗೂ ಹಿತ. ಆದರೂ ಪ್ಯಾಕೇಜ್ ಬೇಕೆಂದರೆ ಕಂಪನಿಗೆ ಫೋನ್ ಮಾಡಿ, ಕುಡಿಯದವರಿಗೆ ಬರೀ ತಂಪು ಪಾನೀಯದ ಪ್ಯಾಕೇಜ್ ಕೊಡುತ್ತೀರಾ ಎಂದು ಹತ್ತುವ ಮುಂಚೆಯೇ ಕೇಳಿ. ಕಾರ್ನಿವಲ್‌ನ ಪ್ಯಾಕೇಜಿನಲ್ಲಿ 24 ಗಂಟೆಗೆ 15 ಮದ್ಯದ ಗ್ಲಾಸು ಎಂಬ ಮಿತಿ ಇದೆ.

ಕಡೆಯ ರಾತ್ರಿಯದ್ದೊಂದು ತೊಡಕು ಉಳಿಯಿತು. ಮರುದಿನ ಇಳಿಯುವವರು ಸೂಟ್‌ಕೇಸುಗಳನ್ನು ಹಿಂದಿನ ರಾತ್ರಿಯೇ ಕ್ಯಾಬಿನ್ನಿನ ಹೊರಗೆ ಇಡಬೇಕು, ಹಡಗಿನವರು ತೆಗೆದುಕೊಂಡು ಹೋಗುತ್ತಾರೆ. ತೆಗೆದಿಟ್ಟುಕೊಂಡ ಬಾಟಲಿಗಳು ವಾಪಸ್ ಬರುವುದೂ ಅದೇ ಸಂಜೆ, ಒಮ್ಮೊಮ್ಮೆ ಸೂಟ್‌ಕೇಸ್ ಹೋದ ಮೇಲೆ. ಆಗ ಬೆಳಿಗ್ಗೆ ಕೈಯಲ್ಲಿ ಬಾಟಲಿ ಹಿಡಿದು ಇಳಿದು, ಏರ್‌ಪೋರ್ಟಿನಲ್ಲಿ ಚೆಕ್-ಇನ್ ಕೌಂಟರಿನ ಮುಂದೆ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ ತುರುಕುವ ಕೆಲಸ. ಅದನ್ನು ತಪ್ಪಿಸಬೇಕಾದರೆ ಒಂದು ಸೂಟ್‌ಕೇಸನ್ನು ಹೊರಗೆ ಇಡದೆ ಉಳಿಸಿಕೊಳ್ಳಿ. ಒಳಗೆ ಎರಡು ಟವೆಲ್, ಎರಡು ಗಟ್ಟಿ ಪ್ಲಾಸ್ಟಿಕ್ ಕವರ್ ಸಿದ್ಧವಿರಲಿ. ಬಾಟಲಿ ಬಂದ ಕೂಡಲೇ ಪ್ಯಾಕ್ ಮಾಡಿ, ಬೆಳಿಗ್ಗೆ ನೀವೇ ಎಳೆದುಕೊಂಡು ಇಳಿಯಿರಿ.